ಮೊದಲ ಗುಂಡು ಹಾರಿದ್ದು ಫೋರ್ಟ್ ಮಿಮ್ಸ್‌ನಲ್ಲಿ ಅಲ್ಲ

ಅಮೆರಿಕದ ಮೂಲನಿವಾಸಿಗಳಾದ ಕ್ರೀಕರ ನಾಡಿನಲ್ಲಿ ನಡೆದ ಕ್ರೀಕ್ ಯುದ್ಧ ಶುರುವಾಗಿದ್ದೇ, ಅವರಲ್ಲೊಂದು ಬಣ ಈಗಿನ ಅಲಬಾಮಾದ ಫೋರ್ಟ್ ಮಿಮ್ಸ್ ಕೋಟೆಯಲ್ಲಿ ನಡೆಸಿದ ಹತ್ಯಾಕಾಂಡದಿಂದ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ ದಾಳಿ ನಡೆದದ್ದು 1813ರ ಆಗಸ್ಟ್ 30ರಂದು. ಅದಕ್ಕೂ ತಿಂಗಳ ಮೊದಲು, ಜುಲೈ 27ರಂದು, ಆಗ ಸ್ಪೇನ್ ಕೈಯಲ್ಲಿದ್ದ ಪೆನ್ಸಕೋಲಾದಿಂದ ಮದ್ದುಗುಂಡು ತರುತ್ತಿದ್ದ ರೆಡ್ ಸ್ಟಿಕ್ (ವಲಸಿಗರ ವಿರುದ್ಧ ನಿಂತ ಕ್ರೀಕರ ಬಣ) ಗುಂಪಿನ ಮೇಲೆ ಬರ್ನ್ಟ್ ಕಾರ್ನ್ ಹಳ್ಳದ ಬಳಿ ಎರಗಿದ್ದು ವಲಸಿಗರ ಪಡೆಯೇ ಅಲ್ವಾ? ಮಿಮ್ಸ್‌ನಲ್ಲಿ ಹೆಂಗಸರು, ಮಕ್ಕಳನ್ನು ಕೊಂದದ್ದು ಘೋರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಬಿಳಿಯರ ಮೇಲೆ ಇಂಡಿಯನ್ನರ (ಅಲ್ಲಿನ ಮೂಲನಿವಾಸಿಗಳ) ದಾಳಿ ಅಂತ ಸುಮ್ನೆ ಬರೆದರೆ ಅರ್ಧ ಸತ್ಯ. ಕೋಟೆಯೊಳಗೆ ಆಶ್ರಯ ಪಡೆದವರಲ್ಲಿ ಕ್ರೀಕ್ ತಾಯಂದಿರ ಮಕ್ಕಳೂ ಇದ್ದರು. ದಾಳಿಯ ಮುಂದಾಳುಗಳಲ್ಲಿ ಒಬ್ಬನಾದ ವಿಲಿಯಂ ವೆದರ್‌ಫೋರ್ಡ್‌ನ ತಂದೆ ಬಿಳಿಯ ವ್ಯಾಪಾರಿ. ಕ್ರೀಕರು ತಮ್ಮೊಳಗೇ ಒಡೆದುಹೋಗಿದ್ದರು.

ನನಗೆ ಜಾಸ್ತಿ ನೋವಾಗುವುದು ಲೇಖನ ಒಂದೇ ಸಾಲಿನಲ್ಲಿ ದಾಟಿಹೋದ ಆ ಯುದ್ಧ ಮುಗಿಸಿದ ಫೋರ್ಟ್ ಜಾಕ್ಸನ್ ಒಪ್ಪಂದದ ವಿಷಯ. 1814ರ ಮಾರ್ಚ್‌ನಲ್ಲಿ ಹಾರ್ಸ್‌ಶೂ ಬೆಂಡ್‌ನಲ್ಲಿ ಅಮೆರಿಕದ ಸೇನಾನಿ ಆಂಡ್ರ್ಯೂ ಜಾಕ್ಸನ್ ರೆಡ್ ಸ್ಟಿಕ್‌ಗಳನ್ನು ಗೆದ್ದಾಗ ಅವನ ಪರ ಹೋರಾಡಿದ ಕ್ರೀಕರೂ ಇದ್ದರು, ಇನ್ನೊಂದು ಮೂಲನಿವಾಸಿ ಜನಾಂಗದ ಚೆರೋಕಿಗಳೂ ಇದ್ದರು. ಆಗಸ್ಟ್‌ನಲ್ಲಿ ಈ ಒಪ್ಪಂದದ ಮೂಲಕ ಅವನು ಕ್ರೀಕರಿಂದ ಸುಮಾರು 2.3 ಕೋಟಿ ಎಕರೆ ನೆಲ ಬರೆಸಿಕೊಂಡ. ಅದರಲ್ಲಿ ಅವನ ಜೊತೆ ನಿಂತ ಕ್ರೀಕರ ನೆಲವೂ ಸೇರಿತ್ತು! ಮಿಮ್ಸ್‌ನ ಸೇಡು ತೀರಿಸುವುದೇ ಗುರಿಯಾಗಿದ್ದರೆ ಮಿತ್ರರ ಹೊಲಕ್ಕೆ ಯಾಕೆ ಕೈ ಹಾಕಬೇಕಿತ್ತು?