ಕೂಸನ್ನು ಯಾರ ಕೈಗೆ ಕೊಟ್ಟೆ?

ಮೊಮ್ಮಗಳು "ಅಮ್ಮಮ್ಮಾ" ಎಂದು ಕೂಗುತ್ತ ಓಡಿ ಬಂದರೂ ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕಿಡ್ಸ್ ಕ್ಲಬ್ಬಿನ ಹುಡುಗಿ ಅರ್ಧಬಾಗಿಲಿನ ಚಿಲಕ ತೆಗೆಯಲಿಲ್ಲ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಪಾಸ್‌ವರ್ಡ್ ಗೊತ್ತಿರಲಿಲ್ಲ, ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ. ಸಿಂಗಾಪುರದಿಂದ ಪೆನಾಂಗ್‌ಗೆ ಹೊರಟ ಹಡಗು ಅದು. ಕುಮಟಾದಿಂದ ಬಂದವಳಿಗೆ ಸಮುದ್ರ ಹೊಸತಲ್ಲ, ಹಡಗಾದರೂ ತೋರಿಸೋಣ ಅಂತ ಹೊರಟಿದ್ದೆವು. ಸಂಜೆಯಿಡೀ ಆಯಿ ನನ್ನ ಹತ್ತಿರ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಗುರ್ತಿಲ್ದವ್ರ ಕೈಲಿ ಕೂಸಿನ ಕೊಟ್ಟಿಕ್ಕೆ ಬಂದೆ. ಹಂಗಾರೆ ಆನು ಇದ್ದಿದ್ದು ಎಂತಕ್ಕೆ?" ಅಂದಳು.

ಮಾತು ಚುಚ್ಚಿತು. ಆದರೂ ಆ ಹುಡುಗಿ ಮಾಡಿದ್ದೇ ಸರಿ ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಬೆಳಿಗ್ಗೆ ಮಗಳನ್ನು ಬಿಡಲು ಹೋದಾಗ ಅವಳು ಮೊದಲು ನನ್ನನ್ನು ಮಾತಾಡಿಸಲೇ ಇಲ್ಲ. ಮಂಡಿಯೂರಿ ಕೂತು ಮಗುವಿನ ಹೆಸರು ಕೇಳಿದಳು, ಸೋಪು ಹಚ್ಚಿ ಕೈ ತೊಳೆಸಿದಳು. ಆಮೇಲೆ ನನ್ನ ಸರದಿ: ಶೇಂಗಾ ತಿಂದರೆ ತೊಂದರೆ ಆಗುತ್ತದಾ, ಒಬ್ಬಳೇ ಬಾತ್‌ರೂಮಿಗೆ ಹೋಗುತ್ತಾಳಾ, ಯಾವುದಕ್ಕೆ ಹೆದರುತ್ತಾಳೆ. ಎಲ್ಲ ಬರೆದುಕೊಂಡು, ಮಗಳ ಮಣಿಕಟ್ಟಿಗೆ ಒಂದು ಪಟ್ಟಿ ಸುತ್ತಿದಳು. ಅದರ ಮೇಲೆ ನಮ್ಮ ಮಸ್ಟರ್ ಸ್ಟೇಷನ್ನಿನ, ಅಂದರೆ ಅಪಾಯವಾದರೆ ನಾವು ಸೇರಬೇಕಾದ ಜಾಗದ, ಗುರುತು. ಅಪಾಯದ ಸೈರನ್ ಕೂಗಿದರೆ ನಾವು ಕ್ಲಬ್ಬಿಗೆ ಓಡಬಾರದು, ಸಿಬ್ಬಂದಿಯೇ ಮಗುವನ್ನು ಅಲ್ಲಿಗೆ ತಂದು ಒಪ್ಪಿಸುತ್ತಾರೆ. ಹಲವು ಹಡಗುಗಳಲ್ಲಿ 3 ವರ್ಷ ತುಂಬಿ ಡಯಾಪರ್ ಬಿಟ್ಟ ಮಕ್ಕಳಿಗೆ ಹಗಲು ಇದಕ್ಕೆ ಬೇರೆ ದುಡ್ಡಿಲ್ಲ, ರಾತ್ರಿ ತಡವಾದರೆ ಗಂಟೆ ಲೆಕ್ಕದಲ್ಲಿ ಕೊಡಬೇಕು.

ನಮ್ಮ ಕಡೆ ಮದುವೆಮನೆ ನೆನಪಾಯಿತು. ಚಪ್ಪರದ ಪಕ್ಕದಲ್ಲೇ ಬಾವಿ, ತೋಟಕ್ಕೆ ಇಳಿದರೆ ಹಳ್ಳ. ಮಗು ಎಲ್ಲಿ ಅಂದರೆ ಅಡುಗೆಮನೆಯಿಂದಲೂ ಜಗಲಿಯಿಂದಲೂ "ಇಲ್ಲೇ ಎಲ್ಲೋ ಆಡ್ತಾ ಇದ್ದು" ಎಂಬ ಉತ್ತರ. ಅಷ್ಟು ಹೊತ್ತಿಗೆ ಯಾವುದೋ ಮಾವ ಅದನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಪೇಟೆಗೆ ಹೋಗಿಯಾಗಿರುತ್ತದೆ. ಅವನು ಯಾರಿಗೂ ಹೇಳಿರುವುದಿಲ್ಲ, ಹೇಳಬೇಕೆಂದು ಯಾರೂ ಬಯಸುವುದೂ ಇಲ್ಲ.

ನೀರಿನ ವಿಷಯಕ್ಕಂತೂ ನಮ್ಮ ಧೈರ್ಯ ನೆನೆದರೆ ಎದೆ ಝಲ್ಲೆನ್ನುತ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿದ್ದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದ ನಾಲ್ವರು ಹುಡುಗಿಯರು ಸಮುದ್ರದ ಪಾಲಾದರು. ಅದೇ ಅಂತರರಾಷ್ಟ್ರೀಯ ಪ್ರಯಾಣಿಕರ ಹಡಗಿನಲ್ಲಿ, ಒಟ್ಟು ಪ್ರಯಾಣಿಕರ ಶೇ. 10ರಷ್ಟಾದರೂ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಲೇಬೇಕು. ಮಕ್ಕಳು ಅದಕ್ಕಿಂತ ಹೆಚ್ಚಿದ್ದರೆ ತಲೆಗೊಂದು. ನಮ್ಮ ದೋಣಿಗಳಿಗೂ ಇದನ್ನು ಕಡ್ಡಾಯವಾಗಿ ಪಾಲಿಸುವ ಬುದ್ಧಿ ಯಾವಾಗ ಬರುತ್ತದೋ.

ಆದರೆ ಆಯಿಯ ಸಿಟ್ಟು ಸುರಕ್ಷತೆಯ ಬಗ್ಗೆ ಅಲ್ಲ ಎಂದು ನನಗೆ ಗೊತ್ತು. ನಾನು ಸಣ್ಣವಳಿದ್ದಾಗ ಅವಳೇ ನನ್ನನ್ನು ಅಂಗನವಾಡಿಗೆ ಬಿಟ್ಟು ಅಡಿಕೆ ಸುಲಿಯಲು ಹೋಗುತ್ತಿದ್ದಳು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಅಂಗನವಾಡಿ 1975ರಿಂದ ಇದೆ, ಮೊದಲು ಶುರುವಾದ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಆಮೇಲೆ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಬಂತು. 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರಲ್ಲೇ ಕಾನೂನೂ ಆಯಿತು. ದುಡಿಯಲು ಹೋಗುವ ತಾಯಿ ಮಗುವನ್ನು ಬಿಟ್ಟರೆ ಊರು ಒಪ್ಪುತ್ತದೆ. ಸುಮ್ಮನೆ ಕೂತು ಸಮುದ್ರ ನೋಡುವುದಕ್ಕೆ, ಗಂಡನ ಜೊತೆ ನಿಧಾನವಾಗಿ ಉಣ್ಣುವುದಕ್ಕೆ ಬಿಟ್ಟರೆ ಅವಳು ಎಂಥ ತಾಯಿ ಎಂಬ ಪ್ರಶ್ನೆ ಬರುತ್ತದೆ. ನನಗೆ ಸಹಿಸಲಾಗದ್ದು ಇದು.

ಆಯಿಗೆ ಯಕ್ಷಗಾನದ ಆಟವೆಂದರೆ ಪ್ರಾಣ. ಕೆರೆಮನೆ ಶಂಭು ಹೆಗಡೆಯವರ ಪಾತ್ರವಿದೆ ಎಂದರೆ ಮಧ್ಯಾಹ್ನದಿಂದಲೇ ಕೆಲಸ ಮುಗಿಸುವ ಗಡಿಬಿಡಿ. ಅಪ್ಪ ಮುಂದಿನ ಕುರ್ಚಿಯಲ್ಲಿ ಮಂಗಳದವರೆಗೂ ಕೂರುತ್ತಿದ್ದ. ಅವಳು ಹಿಂದೆ, ಚಾಪೆಯ ಮೇಲೆ. ಮಡಿಲಲ್ಲಿ ತಮ್ಮ, ತೋಳಿಗೆ ಒರಗಿಕೊಂಡು ನಾನು. ಪದ್ಯ ಏರಿ ಚಂಡೆ ಜೋರಾದಾಗ ತಮ್ಮ ಬೆಚ್ಚಿ ಎದ್ದು ಅಳುತ್ತಿದ್ದ, ಅವಳು ಅವನನ್ನು ಎತ್ತಿಕೊಂಡು ಕತ್ತಲೆಗೆ ಹೋಗುತ್ತಿದ್ದಳು. ಅವಳಿಗೆ ಅಷ್ಟು ಇಷ್ಟವಿದ್ದ ಕಲಾವಿದರ ಎಷ್ಟು ಪ್ರವೇಶಗಳನ್ನು ಹೀಗೆ ಬೆನ್ನು ಹಾಕಿ ಕಳೆದುಕೊಂಡಳೋ. ಆ ಹೊತ್ತಿಗೆ ಮಗುವನ್ನು ಒಪ್ಪಿಸಿ ಬರಲು ಪಕ್ಕದಲ್ಲೊಂದು ಕೋಣೆ, ನಂಬಿಕಸ್ಥ ಹೆಂಗಸೊಬ್ಬಳು ಇದ್ದಿದ್ದರೆ! ಇದನ್ನು ಹೇಳಿದರೆ ಆಯಿ, "ಮಕ್ಕಳಿಗಿಂತ ಆಟ ಹೆಚ್ಚನಾ?" ಎಂದು ಮಾತು ಮುಗಿಸುತ್ತಾಳೆ. ಅಪ್ಪನನ್ನು ಈ ಪ್ರಶ್ನೆ ಯಾರೂ ಕೇಳಿದ್ದಿಲ್ಲ.

ಮರಳುವ ಹಿಂದಿನ ದಿನ ಮಗಳಿಗೆ ಕ್ಲಬ್ಬಿನಲ್ಲಿ ವಾಂತಿಯಾಯಿತು. ಕೂಡಲೇ ಫೋನು ಬಂತು, ಕರೆದುಕೊಂಡು ಹೋಗಿ, ಪೂರ್ತಿ ಹುಷಾರಾಗುವವರೆಗೆ ತರಬೇಡಿ ಎಂದರು. ಹಡಗಿನಲ್ಲಿ ಹೊಟ್ಟೆಯ ಸೋಂಕು ಬೇಗ ಹರಡುತ್ತದೆ, ನಿಯಮ ತಪ್ಪಲ್ಲ. ಆದರೆ ರಾತ್ರಿಯಿಡೀ ಚಮಚದಲ್ಲಿ ನೀರು ಕುಡಿಸುತ್ತ, ಕಾಲು ನೀವುತ್ತ, ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತ ಕೂತವಳು ಆಯಿ. ಮಗಳು ಬೆಳಗಿನ ಜಾವ ಅವಳಿಗೆ ಕನ್ನಡದಲ್ಲೇ ನೀರು ಕೇಳಿದಳು. ಕ್ಲಬ್ಬಿನಲ್ಲಿ ಆ ಭಾಷೆ ಸಿಗುವುದಿಲ್ಲ, ಅಷ್ಟನ್ನು ಒಪ್ಪಲೇಬೇಕು.

ಇನ್ನೊಂದನ್ನೂ ಹೇಳಬೇಕು. ಆ ಕ್ಲಬ್ಬಿನ ಹುಡುಗಿಗೂ ಸಣ್ಣ ಮಗನಿದ್ದಾನೆ. ಅವಳು ತಿಂಗಳುಗಟ್ಟಲೆ ಹಡಗಿನಲ್ಲಿ, ಅವನು ಫಿಲಿಪ್ಪೀನ್ಸಿನ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ. ಆಯಿಗೆ ಇದು ತಿಳಿದಾಗ ಅವಳ ಮೇಲಿನ ಸಿಟ್ಟೆಲ್ಲ ಇಳಿಯಿತು. ನನ್ನ ಮೇಲಿನದು ಇಳಿಯಲಿಲ್ಲ.

ಬೇಸಿಗೆಯಲ್ಲಿ ಅಣ್ಣನ ಮಗನ ಉಪನಯನ, ಊರಮನೆಯಲ್ಲೇ. ಉಪ್ಪರಿಗೆಯ ಕೋಣೆಯನ್ನು ಮಕ್ಕಳಿಗೆ ಬಿಡೋಣ, ನೋಡಿಕೊಳ್ಳಲು ಇಬ್ಬರು ಹೆಂಗಸರಿಗೆ ಸಂಬಳ ಕೊಡೋಣ, ಯಾರು ಬಿಟ್ಟರು ಯಾರು ಕರೆದೊಯ್ದರು ಅಂತ ಒಂದು ನೋಟುಬುಕ್ಕು ಇಡೋಣ ಎಂದು ಅಣ್ಣನಿಗೆ ಹೇಳಿದ್ದೇನೆ. ಖರ್ಚು ನನ್ನದೇ. ಬಾವಿಗೆ ಜಾಲರಿ ಹಾಕಿಸಲು ಅವನು ಒಪ್ಪಿದ್ದಾನೆ. ನೋಟುಬುಕ್ಕಿಟ್ಟರೆ ನೆಂಟರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುತ್ತಾನೆ. ಅತ್ತಿಗೆ ಮಾತ್ರ ಬೇರೆ ಫೋನು ಮಾಡಿ, ಆ ಇಬ್ಬರು ಹೆಂಗಸರನ್ನು ತಾನೇ ಗೊತ್ತುಮಾಡುತ್ತೇನೆ ಎಂದಿದ್ದಾಳೆ.