ಕೈ ಎತ್ತಿದ್ದಾಳೆ, ಕರೆಂಟು ಹೋಯಿತು

ರಾತ್ರಿ 8.26. ನವಿಲು ಹಸಿರು ಸೀರೆಯ ಸೊಸೆ, 250 ಸಂಚಿಕೆ ಸಹಿಸಿಕೊಂಡಿದ್ದವಳು, ಕೊನೆಗೂ ನಾದಿನಿಯ ಕೆನ್ನೆಗೆಂದು ಕೈ ಎತ್ತಿದ್ದಾಳೆ. ಕೈ ಮೇಲೆ ಹೋಯಿತು, ಬಳೆಗಳು ಮೊಣಕೈಗೆ ಜಾರಿದವು, ಡೋಲು ಬಡಿಯಿತು, ಶಂಖ ಊದಿತು, ಆಮೇಲೆ ಚಟಾರ್ ಎಂದು ಒಂದು ಸದ್ದು. ಚಟಾರ್ ಎಂದದ್ದು ಕೆನ್ನೆಯಲ್ಲ. ಹೊರಗೆ ಸಿಲ್ವರ್ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಮನೆ ಕತ್ತಲು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಹೋದ ಕರೆಂಟು ನಾಳೆ ಬರುತ್ತದೆ ಎನ್ನುವವರು ಕೊಡಗಿನಲ್ಲಿ ಹೊಸಬರು.

ಕತ್ತಲಲ್ಲಿ ಮೊದಲು ಕೇಳಿಬರುವ ಮಾತು ‘ಮೇಣದಬತ್ತಿ ಎಲ್ಲಿ’ ಎಂದಲ್ಲ, ‘ಹೊಡೆದಳಾ?’ ಎಂದು.

ಗಾಬರಿ ಬೇಡ. ಧಾರಾವಾಹಿ ಕಟ್ಟುವವರು ಈ ಕೊಂಬೆ ಮುರಿಯುವುದನ್ನು ಮೊದಲೇ ಲೆಕ್ಕ ಹಾಕಿದವರ ಹಾಗೆ ಕಥೆ ಹೆಣೆದಿರುತ್ತಾರೆ. ಲೆಕ್ಕ ಬಿಡಿಸಿ ನೋಡಿ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದೆಂದು ನಿಯಮವೇ ಉಂಟು, ಹಾಗಾಗಿ ಅರ್ಧ ಗಂಟೆಯಲ್ಲಿ ಕಥೆಗೆ 24 ನಿಮಿಷ. ಅದರಲ್ಲಿ ‘ಇಲ್ಲಿಯವರೆಗೆ’ ಒಂದು ನಿಮಿಷ, ಶೀರ್ಷಿಕೆ ಗೀತೆಗೆ ಇನ್ನೊಂದು, ಕೊನೆಯಲ್ಲಿ ನಾಳೆಯ ಇಣುಕು ನೋಟ ಅರ್ಧ ನಿಮಿಷ. ಪ್ರತಿ ಬ್ರೇಕಿನ ಮುಂಚೆ ಒಂದು ಸಣ್ಣ ಕೊಕ್ಕೆ, ಬ್ರೇಕ್ ಮುಗಿದ ಮೇಲೆ ಅದೇ ಕೊಕ್ಕೆ ಮತ್ತೊಮ್ಮೆ. ಉಳಿದದ್ದರಲ್ಲಿ ಮುಖಗಳ ಪಾಲು ತೆಗೆಯಿರಿ. ಮನೆಯ ಹಾಲ್‌ನಲ್ಲಿ ಎಂಟು ಜನ ನಿಂತಿದ್ದಾರೆ. ಮಗ ಬಾಗಿಲಲ್ಲಿ ಹೂವಿನ ಹಾರದೊಂದಿಗೆ ನಿಂತು ‘ಇವಳು ನನ್ನ ಹೆಂಡತಿ’ ಎಂದ. ಒಬ್ಬೊಬ್ಬರ ಮುಖಕ್ಕೆ ಎರಡು ಸೆಕೆಂಡು, ಮೂರು ಸುತ್ತು. ಎಂಟೆರಡ್ಲ ಹದಿನಾರು, ಹದಿನಾರು ಮೂರ್ಲ 48 ಸೆಕೆಂಡು. ಒಂದು ವಾಕ್ಯಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ! ಅವಿಭಕ್ತ ಕುಟುಂಬಗಳ ಕಥೆಯೇ ಏಕೆ ಜಾಸ್ತಿ ಎಂದು ಕೇಳುವವರಿಗೆ ಇದೇ ಉತ್ತರ. ಗಂಡ ಹೆಂಡತಿ ಇಬ್ಬರೇ ಇರುವ ಫ್ಲಾಟಿನಲ್ಲಿ ಅದೇ ವಾಕ್ಯ 12 ಸೆಕೆಂಡಿಗೆ ಮುಗಿದುಹೋಗುತ್ತದೆ. ಬರೆಯುವವರ ಹೊಟ್ಟೆಪಾಡೇನಾಗಬೇಕು?

ತಪ್ಪಿದ ಸಂಚಿಕೆಯನ್ನು ಹಿಡಿಯಲು ಅನುಭವಸ್ಥರು ಸೀರೆ ನೋಡುತ್ತಾರೆ. ಧಾರಾವಾಹಿಯ ಒಂದು ಹಗಲು ನಮ್ಮ ನಾಲ್ಕೈದು ರಾತ್ರಿ ನಡೆಯುತ್ತದೆ. ಕಥೆಯಲ್ಲಿ ಒಂದೇ ದಿನ ನಡೆಯುವ ದೃಶ್ಯಗಳನ್ನು ಒಂದೇ ಮನೆಯಲ್ಲಿ, ಒಂದೇ ಉಡುಪಿನಲ್ಲಿ ಒಟ್ಟಿಗೆ ಚಿತ್ರೀಕರಿಸಿಕೊಂಡರೆ ಖರ್ಚೂ ಕಡಿಮೆ, ಗೊಂದಲವೂ ಕಡಿಮೆ. ಆದ್ದರಿಂದ ಕರೆಂಟು ಬಂದಾಗ ಸೊಸೆಯ ಮೈಮೇಲೆ ಅದೇ ನವಿಲು ಹಸಿರು ಇದ್ದರೆ ನಿಶ್ಚಿಂತೆ, ಏನೂ ನಡೆದಿಲ್ಲ. ಸೀರೆ ಬದಲಾಗಿದ್ದರೆ ಒಂದು ರಾತ್ರಿ ಕಳೆದಿದೆ, ಯಾರಾದರೂ ಹೇಳಿಯಾರು. ಹಣೆಗೆ ಬ್ಯಾಂಡೇಜು ಬಂದಿದ್ದರೆ ಅಪಘಾತವಾಗಿದೆ, ಡಾಕ್ಟರು ‘24 ಗಂಟೆ ಏನೂ ಹೇಳಕ್ಕಾಗಲ್ಲ’ ಎಂದಿದ್ದಾರೆ, ಅಂದರೆ ಒಂದು ವಾರ ಆರಾಮ. ಮುಖವೇ ಬದಲಾಗಿದ್ದರೆ ಗಾಬರಿ ಬೀಳಬಹುದು. ಕಲಾವಿದೆ ಬಿಟ್ಟುಹೋಗಿ ಅವರ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಮನೆಯವರ್‍ಯಾರೂ ಗುರುತು ಹಿಡಿಯದೆ ‘ಕಾಫಿ ಕೊಡಮ್ಮ’ ಎನ್ನುತ್ತಿದ್ದಾರೆ ಎಂದರೆ ಅದು ಖಾತ್ರಿ.

ಈ ಮಂದಗತಿ ಇವತ್ತಿನ ಸೋಮಾರಿತನವಲ್ಲ, ಇದಕ್ಕೆ 90 ವರ್ಷದ ವಂಶಾವಳಿ ಉಂಟು. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಹಗಲು ಹೊತ್ತು 15 ನಿಮಿಷದ ಧಾರಾವಾಹಿಗಳು ಬರುತ್ತಿದ್ದವು. ದುಡ್ಡು ಹಾಕುತ್ತಿದ್ದವರು ಸೋಪಿನ ಕಂಪನಿಯವರು. ‘ಸೋಪ್ ಆಪೆರಾ’ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಅವುಗಳಲ್ಲೊಂದು, ‘ಗೈಡಿಂಗ್ ಲೈಟ್’, 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿ ಹತ್ತಿ, 2009ರಲ್ಲಿ ಮುಗಿಯಿತು. 72 ವರ್ಷ! ನಮ್ಮಲ್ಲಿ 1,000 ಸಂಚಿಕೆಗೇ ‘ಎಳೀತಾರಪ್ಪ’ ಎನ್ನುತ್ತೇವೆ. ಆ ಕಾಲದ ಬರಹಗಾರರಿಗೆ ಒಂದು ಸತ್ಯ ಗೊತ್ತಿತ್ತು: ಹಗಲಿನ ಕೇಳುಗರ ಕೈ ಹಿಟ್ಟಿನಲ್ಲಿರುತ್ತದೆ, ಕಣ್ಣು ಒಲೆಯ ಮೇಲಿರುತ್ತದೆ, ಖಾಲಿ ಇರುವುದು ಕಿವಿ ಮಾತ್ರ. ಅದಕ್ಕೇ ಪಾತ್ರಗಳು ಒಬ್ಬರನ್ನೊಬ್ಬರು ಪದೇ ಪದೇ ಹೆಸರಿಟ್ಟು ಕರೆಯುತ್ತವೆ, ನಿನ್ನೆ ಆದದ್ದನ್ನು ಇವತ್ತು ಪಕ್ಕದ ಮನೆಯವರಿಗೆ ಹೇಳುತ್ತವೆ, ಮನಸ್ಸಿನಲ್ಲಿ ಅಂದುಕೊಳ್ಳಬೇಕಾದ್ದನ್ನು ಜೋರಾಗಿ ಅಂದುಕೊಳ್ಳುತ್ತವೆ.

ಹಗಲಿನ ಧಾರಾವಾಹಿ ಕಿವಿಯದ್ದು, ರಾತ್ರಿಯದ್ದು ಕಣ್ಣಿನದ್ದು. ಈ ಭೇದ ತಿಳಿಯದೆ ಅಡುಗೆಗಿಟ್ಟವರ ಮನೆಯಲ್ಲೇ ತಳ ಹಿಡಿಯುವುದು. ಕಡಂಬುಟ್ಟು ತೆಗೆದುಕೊಳ್ಳಿ. ಒಂದು ಪಾವು ಅಕ್ಕಿ ತರಿಗೆ ಎರಡು ಪಾವು ನೀರು, ಉಪ್ಪು. ಕುದಿಯುವ ನೀರಿಗೆ ತರಿ ಸುರಿಯುತ್ತಾ ತಿರುಗಿಸಬೇಕು. ಈ ಎರಡು ನಿಮಿಷ ಟಿವಿ ಕಡೆ ಕತ್ತು ತಿರುಗಿತೋ, ಗಂಟು ಕಟ್ಟಿತು. ಆದ್ದರಿಂದ ತರಿ ಸುರಿಯುವುದು ಜಾಹೀರಾತಿನಲ್ಲಿ. ಉಂಡೆ ಕಟ್ಟುವುದಕ್ಕೆ ಕಣ್ಣು ಬೇಡ, ಅದನ್ನು ಅತ್ತೆ ಸೊಸೆ ಜಗಳದಲ್ಲಿ ಮಾಡಬಹುದು, ಉಂಡೆ ಸ್ವಲ್ಪ ಗಟ್ಟಿಯಾಗಬಹುದು ಅಷ್ಟೆ. ಹಬೆಗೆ ಬೇಕಾದದ್ದು 20 ನಿಮಿಷ, ಅಂದರೆ ಮೊದಲ ಬ್ರೇಕಿಗೆ ಇಟ್ಟು ನಾಳೆಯ ಇಣುಕಿಗೆ ಇಳಿಸಿದರೆ ಸರಿ. ಇಳಿಸದೆ ಮುಂದಿನ ಧಾರಾವಾಹಿಯ ‘ಇಲ್ಲಿಯವರೆಗೆ’ ನೋಡುತ್ತಾ ಕೂತರೆ ತಳದ ನೀರು ಇಂಗಿ ಪಾತ್ರೆ ಸುಟ್ಟ ವಾಸನೆ ಬರುತ್ತದೆ, ಅದೂ ಹೋಮದ ದೃಶ್ಯವಿದ್ದರೆ ಮನೆಯವರಿಗೆ ಬೇಗ ಗೊತ್ತೂ ಆಗುವುದಿಲ್ಲ. ಅಕ್ಕಿ ಒಟ್ಟಿ, ಅಂದರೆ ನಮ್ಮ ಕಡೆಯ ಅಕ್ಕಿ ರೊಟ್ಟಿ, ಇದಕ್ಕಿಂತ ಕಷ್ಟ. ಕಾವಲಿಯಿಂದ ತೆಗೆದು ಕೆಂಡದ ಮೇಲೆ ಉಬ್ಬಿಸುವ ಕ್ಷಣ, ಕೆನ್ನೆಗೆ ಏಟು ಬೀಳುವ ಕ್ಷಣದಷ್ಟೇ ಚಿಕ್ಕದು. ಮೂರು ನಿಮಿಷದ ಬ್ರೇಕಿಗೆ ಎರಡು ಒಟ್ಟಿ, ಅದಕ್ಕಿಂತ ಹೆಚ್ಚು ಆಸೆ ಪಡಬಾರದು. ಕಲಸಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚದೆ ಓಡಿದರೆ ವಾಪಸು ಬರುವಷ್ಟರಲ್ಲಿ ಒಣಗಿ, ತಟ್ಟಿದಾಗ ಅಂಚು ಸೀಳುತ್ತದೆ.

ಕಿವಿಯಲ್ಲೇ ನೋಡಬಹುದಾದ ರಾತ್ರಿ ಧಾರಾವಾಹಿಗಳೂ ಇದ್ದವು ಎನ್ನಿ. ಟಿ.ಎನ್. ಸೀತಾರಾಮ್ ಅವರ ಕೋರ್ಟ್ ದೃಶ್ಯಗಳು ಬರುತ್ತಿದ್ದಾಗ ಒಲೆಯ ಮುಂದೆ ಬೆನ್ನು ಹಾಕಿ ನಿಂತವರಿಗೂ ಪಾಟೀಸವಾಲಿನ ಒಂದು ಎಳೆ ತಪ್ಪುತ್ತಿರಲಿಲ್ಲ. ಈಗ ಮಾತಿನ ಜಾಗಕ್ಕೆ ಗಾಳಿ ಬಂದಿದೆ. ಕೂದಲು ಹಾರುವ ಗಾಳಿ, ಕಿಟಕಿ ಮುಚ್ಚಿದ್ದರೂ.

ರಾತ್ರಿಯ ಧಾರಾವಾಹಿಯ ಮೂಲಗುಣವೇ ಕಾಯಿಸುವುದು. 1980ರ ಮಾರ್ಚ್ 21ರಂದು ಅಮೆರಿಕದ ‘ಡಲ್ಲಾಸ್’ನಲ್ಲಿ ಎಣ್ಣೆ ಬಾವಿಗಳ ದೊರೆ ಜೆ.ಆರ್.ಗೆ ಯಾರೋ ಗುಂಡು ಹೊಡೆದರು. ಯಾರೆಂದು ತಿಳಿದದ್ದು ನವೆಂಬರ್ 21ಕ್ಕೆ. ಸರಿಯಾಗಿ ಎಂಟು ತಿಂಗಳು. ಅಷ್ಟು ದಿನ ಜನ ಹೇಗೆ ತಡೆದುಕೊಂಡರು ಎಂದು ಊರವರು ಆಶ್ಚರ್ಯಪಡಬಹುದು, ಕಾಫಿ ಬೆಳೆಗಾರರು ಪಡುವುದಿಲ್ಲ. ಮಾರ್ಚಿನಲ್ಲಿ ಹೂಮಳೆ ಬಿದ್ದು ಅರಳಿದ ಅರೇಬಿಕಾ ಹಣ್ಣಾಗಿ ಕೈಗೆ ಸಿಗುವುದೂ ನವೆಂಬರಿನಲ್ಲೇ. ನಡುವೆ ಎಷ್ಟು ಉದುರಿತು, ಎಷ್ಟು ಕೊಳೆಯಿತು ಎಂಬ ಉಪಕಥೆಗಳು ಬೇರೆ. ಕೊನೆಗೆ ಗುಂಡು ಹೊಡೆದವಳು ಹೆಂಡತಿಯ ತಂಗಿ. ಅದೇ ಡಲ್ಲಾಸ್‌ನವರು 1986ರಲ್ಲಿ ಸತ್ತುಹೋದ ತಮ್ಮನನ್ನು ವಾಪಸು ತರಲು ಹಿಂದಿನ ಸೀಸನ್ ಪೂರ್ತಿ ಕನಸು ಎಂದುಬಿಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಆತ ಸ್ನಾನ ಮಾಡುತ್ತಿದ್ದ. ನಮ್ಮ ಬರಹಗಾರರು ಅಷ್ಟು ಕಟುಕರಲ್ಲ, ಒಂದು ಕನಸಿಗೆ ಒಂದೇ ಸಂಚಿಕೆ ಬಳಸುತ್ತಾರೆ.

ಕೊಂಬೆ ಬೀಳದ ದಿನಗಳಲ್ಲೂ ತೊಂದರೆ ತಪ್ಪದು. ಕರೆಂಟು ಇರುತ್ತದೆ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅತ್ತೆಯ ಮೂಗು ಸೊಸೆಯ ಭುಜಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ‘ಸಿಗ್ನಲ್ ಇಲ್ಲ’. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ಕೆಡದೆ ಬಂದ ಸಂಕೇತ ಕೊನೆಯ ನಾಲ್ಕೈದು ಕಿ.ಮೀ. ಮಳೆಯಲ್ಲಿ ಸೋಲುತ್ತದೆ, ದಪ್ಪ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಇದರಲ್ಲಿ ಡಿಶ್ಶಿನ ತಪ್ಪೇನಿಲ್ಲ. ಆದರೂ ಮನೆಯಲ್ಲೊಬ್ಬರು ಕೊಡೆ ಹಿಡಿದು ಹೊರಗೆ ಹೋಗಿ ಅದರ ಕಿವಿ ಹಿಂಡಿಯೇ ತೀರುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ತಾನಾಗಿ ಬರುತ್ತಿದ್ದ ಚಿತ್ರ ಈಗ ಮೆಕ್ಯಾನಿಕ್ ಬರುವ ತನಕ ಬರುವುದಿಲ್ಲ. ಹೋದವರ ಕಾಲಲ್ಲಿ ಮೂರು ಜಿಗಣೆ ಮಾತ್ರ ಬರುತ್ತವೆ. ಮಾಡಬೇಕಾದ ಕೆಲಸ ಮಳೆಗಾಲಕ್ಕೆ ಮುಂಚಿನದ್ದು: ಡಿಶ್ಶಿನ ಮೂತಿಯ ಮುಚ್ಚಳದ ಮೇಲಿನ ಪಾಚಿ ಒರೆಸುವುದು, ಕಣಜ ಗೂಡು ಕಟ್ಟಿದ್ದರೆ ತೆಗೆಯುವುದು, ತಂತಿ ಸೇರುವಲ್ಲಿ ನೀರು ಹೋಗದಂತೆ ರಬ್ಬರ್ ಟೇಪು ಸುತ್ತುವುದು, ಮತ್ತು ತಂತಿ ಗೋಡೆಯೊಳಗೆ ನುಗ್ಗುವ ಮುಂಚೆ ಕೆಳಕ್ಕೆ ಒಂದು ಬಳಸು ಬಿಡುವುದು. ಬಳಸು ಬಿಡದಿದ್ದರೆ ಮಳೆನೀರು ತಂತಿ ಹಿಡಿದುಕೊಂಡು ಸೀದಾ ಸೆಟ್‌ಟಾಪ್ ಬಾಕ್ಸಿಗೆ ನಡೆದು ಬರುತ್ತದೆ.

ಇನ್ವರ್ಟರ್ ಇರುವ ಮನೆಯಲ್ಲಿ ಬೇರೆಯೇ ರಾಜಕೀಯ. 32 ಇಂಚಿನ ಟಿವಿಗೆ 50 ವಾಟ್, ಬಾಕ್ಸಿಗೆ 15. ಎರಡು ಗಂಟೆ ನೋಡಿದರೆ 130 ವಾಟ್ ಅವರ್. 750 ವಾಟಿನ ಮಿಕ್ಸಿ ಹತ್ತು ನಿಮಿಷ ತಿರುಗಿದರೂ ಹೆಚ್ಚು ಕಡಿಮೆ ಅಷ್ಟೇ ಖರ್ಚು. ಅಂದರೆ ಒಂದು ಸಲ ಮಸಾಲೆ ಅರೆದರೆ ನಾಲ್ಕು ಧಾರಾವಾಹಿ ಚಟ್ನಿ. ಅರೆಯುವ ಕಲ್ಲು ಇನ್ನೂ ಹಿತ್ತಲಲ್ಲಿ ಉಂಟು ಎಂದು ಹೇಳಲು ಧೈರ್ಯ ಬೇಕು, ಹೇಳಿದವರೇ ಅರೆಯಬೇಕಾಗುತ್ತದೆ.

ಬೇಸಿಗೆಗೆ ಬಂದರೆ ಕಥೆ ತಿರುಗುತ್ತದೆ. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದೆ, ಕಣದ ತುಂಬ ಒಣಗಲು ಕಾಫಿ ಚೆರ್ರಿ ಹರಡಿದೆ, ಇನ್ನೆರಡು ಬಿಸಿಲಾದರೆ ಚೀಲ ತುಂಬಬಹುದು. ಟಿವಿಯಲ್ಲಿ ಸೊಸೆ ಕೈ ಎತ್ತಿದ್ದಾಳೆ. ಅಷ್ಟರಲ್ಲಿ ಕಿಟಕಿಯಿಂದ ಮಣ್ಣಿನ ವಾಸನೆ. ಎಲ್ಲರೂ ಟಾರ್ಪಾಲು ಹಿಡಿದು ಕಣಕ್ಕೆ. ಒಬ್ಬರು ರಾಶಿ ಎಳೆಯುತ್ತಾರೆ, ಒಬ್ಬರು ಟಾರ್ಚ್ ಹಿಡಿಯುತ್ತಾರೆ, ಒಬ್ಬರು ಟಾರ್ಪಾಲಿನ ಮೇಲೆ ನಿಂತುಕೊಂಡೇ ಟಾರ್ಪಾಲು ಎಳೆಯಿರಿ ಎಂದು ಕೂಗುತ್ತಾರೆ. ಗಿಡಕ್ಕೆ ಈ ಮಳೆ ಬೇಕೇ ಬೇಕು, ಹೂ ಬಿಡಬೇಕಲ್ಲ. ಕಣಕ್ಕೆ ಬೇಡವೇ ಬೇಡ, ಬೂಸ್ಟು ಹಿಡಿಯುತ್ತದೆ. ಒಂದೇ ಮಳೆ ನಾಯಕಿಯೂ ಖಳನಾಯಕಿಯೂ ಆಗುವ ಇಂಥ ದ್ವಿಪಾತ್ರವನ್ನು ಯಾವ ಧಾರಾವಾಹಿಯವರೂ ಬರೆದಿಲ್ಲ. ಒದ್ದೆಯಾಗಿ ಒಳಗೆ ಬಂದರೆ ಅವಳ ಕೈ ಇನ್ನೂ ಮೇಲೆಯೇ ಉಂಟು.

ಧಾರಾವಾಹಿಯವರು ನಮ್ಮೂರಿಗೆ ಬಂದು ಬರೆದದ್ದರ ಬಗ್ಗೆ ಎರಡು ಮಾತು. ಹನಿಮೂನ್ ಎಂದರೆ ಮಡಿಕೇರಿ, ರಾಜಾಸೀಟು, ಅಬ್ಬಿ ಫಾಲ್ಸು, ಅಭ್ಯಂತರವಿಲ್ಲ. ಆದರೆ ಜುಲೈಯಲ್ಲಿ ತೋಟದೊಳಗೆ ರೇಷ್ಮೆ ಸೀರೆ ಉಟ್ಟು ಬರಿಗಾಲಲ್ಲಿ ಓಡಿದ ನಾಯಕಿಗೆ ಒಂದಾದರೂ ಜಿಗಣೆ ಕಚ್ಚಬೇಕು, ನ್ಯಾಯ ಬೇಡವೇ? ಕೊಡಗಿನಲ್ಲಿ ರೈಲು ಹಳಿಯಿಲ್ಲ, ಆದ್ದರಿಂದ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡುವ ವಿದಾಯವನ್ನು ಮೈಸೂರಿಗೆ ಹೋಗಿ ಮಾಡಿಕೊಳ್ಳಬೇಕು. ಬೆಂಗಳೂರು 250 ಕಿ.ಮೀ. ದೂರ; ಒಂದು ಬ್ರೇಕಿನೊಳಗೆ ಮುಟ್ಟಲಾಗದು. ಕೊಡವ ಸೀರೆಯ ನೆರಿಗೆ ಹಿಂದಕ್ಕೆ. ಕೊಡವ ಮದುವೆಗೆ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ಮೂರನೆಯ ಗಂಟು ಬೀಳುವ ಮುಂಚೆ ‘ನಿಲ್ಲಿಸಿ!’ ಎಂದು ಕೂಗಿಕೊಂಡು ಬರುವವನು ಇಲ್ಲಿಗೆ ಬಂದರೆ, ಸಾಲಿನಲ್ಲಿ ನಿಂತು ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿ ಚೆಂಬಿನಿಂದ ಹಾಲು ಕುಡಿಸಿ, ಕೈಗೆ ದುಡ್ಡು ಕೊಟ್ಟು, ಊಟಕ್ಕೆ ಹೋಗಬೇಕಾಗುತ್ತದೆ.

ನಿಧಾನಕ್ಕೆ ನಾವು ಹೆದರುವವರಲ್ಲ ಎಂಬುದಕ್ಕೆ ಅದೇ ಮದುವೆಯ ಗಂಗಾಪೂಜೆಯೇ ಸಾಕು. ಮದುಮಗಳು ನೀರಿನ ಬಿಂದಿಗೆ ಹೊತ್ತು ಬಾವಿಯಿಂದ ಮನೆಗೆ ಹೊರಟಿದ್ದಾಳೆ, ದೂರ ಹೆಚ್ಚೇನಿಲ್ಲ. ವರನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿಗೆ ಅಡ್ಡ. ಒಂದು ಹೆಜ್ಜೆ ಇಟ್ಟಳು. ನಿಂತಳು. ಇನ್ನೊಂದು ಹೆಜ್ಜೆ, ಹೊಸ ಗುಂಪು ಬಂತು, ವಾಲಗ ಏರಿತು. ಅವಳ ಮುಖ, ಅತ್ತೆಯ ಮುಖ, ಕುಣಿಯುವ ಮಾವಂದಿರ ಮುಖ, ಮತ್ತೆ ಅವಳ ಮುಖ. ಗಂಟೆ ಕಳೆದರೂ ಹೊಸ್ತಿಲು ಮುಟ್ಟಿರುವುದಿಲ್ಲ. ಯಾರೂ ಎದ್ದು ಹೋಗುವುದೂ ಇಲ್ಲ.

ಐದನೆಯ ದಿನ ಲೈನ್‌ಮ್ಯಾನ್ ಕೊಂಬೆ ಕಡಿದು ತಂತಿ ಎಳೆದರು. ಗೇಟಿನ ಹತ್ತಿರ, ಎರಡು ಕಡ್ಡಿ ನೆಟ್‌ವರ್ಕ್ ಸಿಗುವ ಕಲ್ಲಿನ ಮೇಲೆ ನಿಂತು ಫೋನು.

‘ಅಕ್ಕಾ, ನಿಮ್ಮಲ್ಲಿ ಕರೆಂಟ್ ಇತ್ತಾ?’

‘ಕುಶಾಲನಗರದಲ್ಲಿ ಹೋಗ್ಲೇ ಇಲ್ಲ ಮಾರಾಯ್ತಿ.’

‘ಹೊಡೆದಳಾ?’

‘ಹೊಡೆದಳು ಹೊಡೆದಳು. ಎರಡು ಕೆನ್ನೆಗೂ.’

‘ಮತ್ತೆ?’

‘ಮತ್ತೆ ಎಂತ, ಬೆವತು ಎದ್ದು ಕೂತಳು. ಕನಸು.’

‘ಸೀರೆ?’

‘ಅದೇ, ನವಿಲು ಹಸಿರು.’