ಪಂಚಾಂಗದ ಮೊಳೆ

ಅಜ್ಜನ ಮನೆ ಕೆಡವಿದಾಗ ನನ್ನ ಪಾಲಿಗೆ ಒಂದು ಹಲಸಿನ ಬಾಗಿಲ ಹಲಗೆ ಬಂತು. ಊಟಕ್ಕೆ ಕೂರುವ ಮಣೆ ಮಾಡೋಣ ಅಂದುಕೊಂಡೆ. ನಾನೇ ಮಾಡ್ತೀನಿ ಅಂತ ಮನೆಯಲ್ಲಿ ಜಂಬವನ್ನೂ ಕೊಚ್ಚಿದ್ದಾಯಿತು. ಮೂರು ರಾತ್ರಿ ವಿಡಿಯೋ ನೋಡಿದ್ದೆ, ಸಾಲದಾ?

ಹಲಗೆಯ ಮೈ ಕೀಸೋಕೆ ಬಡಗಿ ಆಚಾರ್ರ ಹತ್ತಿರ ಹೋದೆ, ತಿರುಗುವ ಬ್ಲೇಡುಗಳಿಂದ ಮರ ಕೀಸುವ ಮಷೀನು ಅವರಲ್ಲಿದೆ. ನನ್ನ ವೇಷ ನೋಡಬೇಕಿತ್ತು: ದಪ್ಪ ಕೈಗವಸು, ತುಂಬು ತೋಳಿನ ದೊಗಳೆ ಅಂಗಿ, ಧೂಳಿಗೆ ಅಂತ ಕುತ್ತಿಗೆಗೆ ಟವೆಲ್, ಕಣ್ಣಿಗೆ ಕನ್ನಡಕ. ಬರೀ ಬನಿಯನ್‌ನಲ್ಲಿದ್ದ ಆಚಾರ್ರು ಮೇಲಿಂದ ಕೆಳಗೆ ನೋಡಿ, "ಜೇನು ಕೀಳೋಕೆ ಹೊರಟಿದ್ದೀರಾ ಮಾರಾಯ್ರೆ?" ಅಂದರು. ಕನ್ನಡಕ ಒಂದು ಪಾಸಾಯಿತು. ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಕೈಗವಸಿನ ತುದಿ ಸಿಕ್ಕರೂ ಸಾಕು, ಬೆರಳಲ್ಲ, ಇಡೀ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದಂತೆ. ಟವೆಲ್ಲೂ ಗೂಟಕ್ಕೆ ಹೋಯಿತು.

"ಮೊಳೆ ಎಲ್ಲಾ ತೆಗೆದಿದ್ದೀರಲ್ವಾ?"

"ಓ, ಹನ್ನೊಂದು!"

ಗೋಡೆಯಲ್ಲಿ ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ ದಾರಕ್ಕೆ ಕಟ್ಟಿ ನೇತುಹಾಕಿದ್ದರು. ಹಲಗೆ ಮೇಲೆ ಒಮ್ಮೆ ಆಡಿಸಿ ಅಂದರು. ಬೇಡ ಆಚಾರ್ರೇ, ಎಣಿಸಿ ತೆಗೆದಿದ್ದೀನಿ ಅಂದೆ.

ಒಂದು ಮಿಲಿಮೀಟರಷ್ಟೇ ಕೀಸಬೇಕು, ಹಲಗೆಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಬ್ಲೇಡಿನ ಮೇಲೆ ಕೈ ಬರದ ಹಾಗೆ ಹಿಡಿ ಇರುವ ಮರದ ತುಂಡಿನಿಂದ ತಳ್ಳಬೇಕು. ಎಲ್ಲಾ ಹೇಳಿಕೊಟ್ಟರು. ಹಲಗೆ ಹೋಯಿತು. ಹೊಗೆ ಹಿಡಿದು ಕಪ್ಪಾಗಿದ್ದ ಮೈ ಕೆಳಗಿಂದ ಹೊಂಬಣ್ಣ ಇಣುಕಿತು, ಒಂಥರಾ ಸಿಹಿ ವಾಸನೆ, ನಾನಂತೂ ಪೂರ್ತಿ ಮೈಮರೆತಿದ್ದೆ.

ಟಣ್!

ಕಿಡಿ ಹಾರಿತು. ಹಲಗೆ ಹಿಂದಕ್ಕೆ ಚಿಮ್ಮಿ, ಅವರು ನಿಲ್ಲಬೇಡಿ ಅಂದಿದ್ದ ಜಾಗವನ್ನೇ ದಾಟಿಕೊಂಡು ಹೋಗಿ ಅವರ ಚಹಾದ ಫ್ಲಾಸ್ಕ್‌ಗೆ ಬಡಿಯಿತು. ಸ್ವಿಚ್ ಆಫ್ ಆದದ್ದೇ ತಡ, ಏನಾಯಿತು ನೋಡೋಣ ಅಂತ ಕೈ ಚಾಚಿದೆ. ಆಚಾರ್ರು ಕೈಗೊಂದು ಬಿಟ್ಟರು. ಕರೆಂಟ್ ನಿಂತರೂ ಬ್ಲೇಡು ಇನ್ನೂ ಸುಮ್ನೆ ತಿರುಗುತ್ತಲೇ ಇತ್ತು.

ತಲೆ ಮುರಿದು ಒಳಗೇ ಉಳಿದಿದ್ದ ಮೊಳೆಯ ತುಂಡು ಅದು. ಅಮ್ಮನಿಗೆ ಫೋನ್ ಮಾಡಿದರೆ, "ಅಲ್ಲೇ ಅಲ್ವೇನೋ ಅಜ್ಜ ಪಂಚಾಂಗ ನೇತುಹಾಕ್ತಿದ್ದದ್ದು?" ಅಂದಳು. ಮೊದಲೇ ಕೇಳಬಾರದಿತ್ತಾ ಅಂತ ಬೇರೆ.

ಬ್ಲೇಡುಗಳೆಲ್ಲ ಒಂದೇ ಕಡೆ ಮುಕ್ಕಾಗಿದ್ದವು. ಹಾಗಾದರೆ ಕೀಸಿದ ಮರದ ಉದ್ದಕ್ಕೂ ದಾರದಂಥ ಗೆರೆ ಉಬ್ಬಿ ನಿಲ್ಲುತ್ತದೆ. ಒಂದು ಬ್ಲೇಡನ್ನು ಚೂರು ಪಕ್ಕಕ್ಕೆ ಸರಿಸಿದರೆ ಗೆರೆ ಮಾಯ. ಸರಿಸಿದರು ಕೂಡ, ಆದರೆ ನನ್ನ ಹಲಗೆ ಕೀಸಿ ಮುಗಿಸಿದ ಮೇಲೆ. ಸಾಣೆ ಹಿಡಿಸುವ ದುಡ್ಡು, ಹೊಸ ಫ್ಲಾಸ್ಕು ಎರಡೂ ನನ್ನ ಲೆಕ್ಕಕ್ಕೇ ಬಂದವು. ಗೆರೆಯನ್ನು ಮನೆಯಲ್ಲಿ ಉಜ್ಜಿಕೊಳ್ಳಿ ಅಂದಿದ್ದರು, ಉಜ್ಜಲಿಲ್ಲ.

ಮೊನ್ನೆ ಮಾವ ಆ ಮಣೆ ಮೇಲೆ ಊಟಕ್ಕೆ ಕೂತರು. ಅನ್ನಕ್ಕೆ ಸಾರು ಬೀಳುವುದರೊಳಗೆ ಎರಡು ಸಲ ಎದ್ದು ಕೆಳಗೆ ಏನಿದೆ ಅಂತ ತಡಕಿದರು. ನಾನು ಹಪ್ಪಳ ತರುವ ನೆಪದಲ್ಲಿ ಒಳಗೆ ಹೋದೆ.